ಸುಣ್ಣದ ತಿಳಿಯಿಂದ ಉಸಿರಿನ ರೇಖೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕವಳದ ತಟ್ಟೆಯಲ್ಲಿ ಸುಣ್ಣ ಇದ್ದೇ ಇರುತ್ತದೆ. ಅದರಲ್ಲಿ ಸ್ವಲ್ಪವನ್ನು ನೀರಿನಲ್ಲಿ ಕಲಕಿ ರಾತ್ರಿಯಿಡೀ ಬಿಡಿ. ಮೇಲಿನ ತಿಳಿಯನ್ನು ಬಸಿದುಕೊಂಡು, ಪಪ್ಪಾಯಿ ಎಲೆಯ ಟೊಳ್ಳು ದಂಟಿನಿಂದ ಮೆಲ್ಲಗೆ ಊದಿ (ಹೀರಬಾರದು!). ತಿಳಿನೀರು ಹಾಲಿನಂತಾಗುತ್ತದೆ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಕಂಡದ್ದೂ ಇದನ್ನೇ. ಸುಣ್ಣಕಲ್ಲು ಸುಟ್ಟಾಗ ಹೊರಬೀಳುವ ಅನಿಲವೇ ನಮ್ಮ ನಿಶ್ವಾಸದಲ್ಲೂ ಇದೆಯೆಂದು ಆತ ತೋರಿಸಿದ. ಅದೇ ಇಂಗಾಲದ ಡೈಆಕ್ಸೈಡ್.

ಸುಣ್ಣದ ನೀರು ‘ಇದೆ’ ಎನ್ನುತ್ತದೆ. ‘ಎಷ್ಟಿದೆ’ ಎಂದು ಥಟ್ಟನೆ ಹೇಳಲಾರದು. ಈ ಅನಿಲ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುವುದನ್ನು ಗುರುತಿಸಿದ್ದ ಜಾನ್ ಟಿಂಡಲ್ ಅವರ ಲಂಡನ್ ಪ್ರಯೋಗಾಲಯದಲ್ಲಿ, 1860ರ ದಶಕದಲ್ಲೇ ಆ ಗುಣದಿಂದ ಉಸಿರನ್ನು ಅಳೆದರು. ಹೊರಗಿನ ಗಾಳಿಯಲ್ಲಿ ಶೇ. 0.04ರಷ್ಟಿರುವ ಅನಿಲ ನಿಶ್ವಾಸದಲ್ಲಿ ಸುಮಾರು ಶೇ. 4. ನೂರು ಪಟ್ಟು! ಜರ್ಮನಿಯ ಲುಫ್ಟ್ 1943ರಲ್ಲಿ ವಿವರಿಸಿದ ಅವಕೆಂಪು ವಿಶ್ಲೇಷಕ ಈ ಅಳತೆಯನ್ನು ನಿರಂತರವಾಗಿಸಿತು. ಇಂದಿನ ಕ್ಯಾಪ್ನೋಗ್ರಾಫ್ ಅದರ ವಂಶದ್ದು. (ಗ್ರೀಕಿನಲ್ಲಿ ‘ಕ್ಯಾಪ್ನೋಸ್’ ಎಂದರೆ ಹೊಗೆ.)

ತೀವ್ರ ನಿಗಾ ಘಟಕದಲ್ಲಿ ಇದರ ಕೆಲಸವೇನು? ಜೀವಕೋಶಗಳಲ್ಲಿ ಹುಟ್ಟಿದ ಈ ಅನಿಲವನ್ನು ರಕ್ತ ಹೊತ್ತು ತರಬೇಕು, ಶ್ವಾಸಕೋಶ ಹೊರಹಾಕಬೇಕು. ಆದ್ದರಿಂದ ಪರದೆಯ ಮೇಲಿನ ಒಂದೇ ರೇಖೆ ಹೃದಯದ ಸುದ್ದಿಯನ್ನೂ ಹೇಳುತ್ತದೆ. ನಿಶ್ವಾಸದ ಕೊನೆಯಲ್ಲಿ ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಪಾದರಸದಷ್ಟು ಒತ್ತಡವಿರುತ್ತದೆ. ಉಸಿರಿನ ನಳಿಕೆ ತಪ್ಪಿ ಅನ್ನನಾಳಕ್ಕೆ ಹೋದರೆ ರೇಖೆ ಚಪ್ಪಟೆಯಾಗುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅದನ್ನು ತಿಳಿಸುವ ಹೊತ್ತಿಗೆ ಕೆಲವು ನಿಮಿಷಗಳೇ ಕಳೆದಿರಬಹುದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆಯೊಂದು ನಿಗಾ ಘಟಕಗಳಲ್ಲಿ ಶ್ವಾಸಮಾರ್ಗದ ತೊಂದರೆಯಿಂದಾದ ಸಾವುಗಳನ್ನು ಪರಿಶೀಲಿಸಿತು. ಈ ಉಪಕರಣ ಇಲ್ಲದಿದ್ದದ್ದು ಅಥವಾ ಸರಿಯಾಗಿ ಬಳಸದಿದ್ದದ್ದು ಶೇ. 74ರಷ್ಟು ಸಾವುಗಳಿಗೆ ಪೂರಕವಾಗಿತ್ತು.

ಉಸಿರಿನಲ್ಲಿ ಇನ್ನೂ ಬಹಳವಿದೆ. ಲೈನಸ್ ಪಾಲಿಂಗ್ 1971ರಲ್ಲಿ ಸುಮಾರು 250 ವಸ್ತುಗಳ ಸುಳಿವು ಕಂಡರು. ಅವುಗಳಿಂದ ಸೋಂಕನ್ನು ಪತ್ತೆಹಚ್ಚುವ ಯತ್ನ ಇನ್ನೂ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲೇ ಇದೆ. ನನಗಂತೂ ಹಳೆಯ ಇಂಗಾಲದ ಡೈಆಕ್ಸೈಡೇ ಹೆಚ್ಚು ಮುಖ್ಯವೆನಿಸುತ್ತದೆ, ಅದರಲ್ಲೂ ನಮ್ಮ ಘಟ್ಟದ ಮೇಲಿನವರಿಗೆ. ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಉತ್ತರ ಕನ್ನಡದ ಜನ ಜಾಲತಾಣಗಳಲ್ಲಿ ಅಭಿಯಾನ ನಡೆಸಿದ್ದು ನಿಮಗೆ ನೆನಪಿರಬಹುದು. ಗಂಭೀರ ಸ್ಥಿತಿಯ ರೋಗಿಯನ್ನು ಹುಬ್ಬಳ್ಳಿಗೆ ಒಯ್ಯಬೇಕೆಂದರೆ ಯಲ್ಲಾಪುರದಿಂದ ಸುಮಾರು 70, ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಮಣಿಪಾಲಕ್ಕಾದರೆ ಘಟ್ಟ ಇಳಿಯಬೇಕು. ಆಂಬುಲೆನ್ಸ್ ಕುಲುಕುವಾಗ ನಳಿಕೆ ಸರಿದೀತು. ಇಂಜಿನ್ನಿನ ಸದ್ದಿನಲ್ಲಿ ಸ್ಟೆತಾಸ್ಕೋಪಿಗೆ ಏನೂ ಕೇಳಿಸದು. ಆಗ ನೋಡಬೇಕಾದದ್ದು ಆ ರೇಖೆಯನ್ನು.