ಕರುಳಿನ ಒಳಪೊರೆ, ಸೂಕ್ಷ್ಮಜೀವಿ ಮತ್ತು ವೈರಸ್: ಸಾಂಗಲಿ–ಮಿರಜ ಪ್ರದೇಶದ ಹಿನ್ನೆಲೆಯಲ್ಲಿ

ಕರುಳಿನ ಒಳಮೈಯನ್ನು ಹೊದ್ದಿರುವ, ಒಂದೇ ಜೀವಕೋಶದಷ್ಟು ದಪ್ಪದ ಪದರಕ್ಕೆ ಕರುಳಿನ ಒಳಪೊರೆ ಎನ್ನುತ್ತಾರೆ. ಉಂಡ ಅನ್ನ ರಕ್ತಕ್ಕೆ ಸೇರುವುದು ಇದರ ಮೂಲಕ. ರೋಗಾಣು ಒಳನುಗ್ಗದಂತೆ ತಡೆಯುವುದೂ ಇದೇ. ಸಣ್ಣ ಕರುಳಿನಲ್ಲಿ ಈ ಪೊರೆ ಬೆರಳಿನಾಕಾರದ ವಿಲ್ಲಸ್‌ಗಳಾಗಿ ಎದ್ದು ನಿಂತಿರುತ್ತದೆ. ವಿಲ್ಲಸ್‌ಗಳ ಬುಡದ ಕುಳಿಗಳಲ್ಲಿ ಹುಟ್ಟಿದ ಕೋಶಗಳು ಬಲಿಯುತ್ತ ಮೇಲೇರಿ, ಮೂರರಿಂದ ಐದು ದಿನಗಳಲ್ಲಿ ತುದಿ ಮುಟ್ಟಿ ಉದುರುತ್ತವೆ. ಪೊರೆಯ ಮೇಲೆ ಲೋಳೆ, ಲೋಳೆಯ ಆಚೆ ಬ್ಯಾಕ್ಟೀರಿಯಾ. 2016ರ ಒಂದು ಅಂದಾಜಿನಂತೆ ವಯಸ್ಕರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಬಹುಪಾಲು ದೊಡ್ಡ ಕರುಳಿನಲ್ಲೇ ಇವೆ. ಕರುಳಿನ ವೈರಸ್‌ಗಳಲ್ಲಿ ಹೆಚ್ಚಿನವು ಮನುಷ್ಯನ ಕೋಶದ ಗೊಡವೆಗೆ ಬರುವುದಿಲ್ಲ. ಅವು ಬ್ಯಾಕ್ಟೀರಿಯಾಗಳನ್ನೇ ಸೋಂಕುವ ಫೇಜ್‌ಗಳು. ಪೊರೆ, ಬ್ಯಾಕ್ಟೀರಿಯಾ, ವೈರಸ್ ಈ ಮೂರನ್ನೂ ಒಟ್ಟಿಗೆ ನೋಡದೆ ಹೊಟ್ಟೆಯ ಯಾವ ಸೋಂಕೂ ಪೂರ್ತಿ ಅರ್ಥವಾಗುವುದಿಲ್ಲ.

ಕೃಷ್ಣಾ ತೀರದ ಸಾಂಗಲಿ–ಮಿರಜಕ್ಕೆ ಈ ವಿಷಯ ಬರೀ ಪುಸ್ತಕದ್ದಲ್ಲ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳವರು, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರು ಇಂದಿಗೂ ದೊಡ್ಡ ಕಾಯಿಲೆ ಬಂದರೆ ಮಿರಜದ ಹಾದಿ ಹಿಡಿಯುತ್ತಾರೆ. ಪಂಢರಪುರದ ಯಾತ್ರೆಯ ಜನಸಂದಣಿಯ ಜೊತೆ ಕಾಲರಾ ಊರೂರು ತಿರುಗುತ್ತಿದ್ದ ಕಾಲವೊಂದಿತ್ತು. ಅಂಥ ಪಂಢರಪುರಕ್ಕೆ 1927ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ಕಿರುಹಳಿ ಮಿರಜವನ್ನು ಜೋಡಿಸಿತು. ಆ ಕಾಲ ಪೂರ್ತಿ ಮುಗಿದಿಲ್ಲ. 2014ರ ನವೆಂಬರಿನಲ್ಲಿ ಮಿರಜದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಸಾವುಗಳಾದವು.

ಕಾಲರಾ ಬ್ಯಾಕ್ಟೀರಿಯಾದಿಂದ ಬರುವ ರೋಗ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ನಿಜ, ಆದರೆ ಅರ್ಧ ನಿಜ. ಭೇದಿಗೆ ಕಾರಣವಾದ ವಿಷವನ್ನು ಕಲ್ಕತ್ತದ ಶಂಭುನಾಥ ಡೇ 1959ರಲ್ಲಿ ಮೊಲದ ಕರುಳಿನ ತುಂಡಿನಲ್ಲಿ ತೋರಿಸಿಕೊಟ್ಟರು. ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಒಂದು ಫೇಜ್ ತಂದುಕೊಟ್ಟದ್ದು ಎಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ಕಂಡುಹಿಡಿದರು. ಫೇಜ್ ಬ್ಯಾಕ್ಟೀರಿಯಾಕ್ಕೆ ಅಂಟುವುದು ಒಂದು ಬಗೆಯ ಎಳೆಗಳ ಮೂಲಕ. ಕರುಳಿನಲ್ಲಿ ನೆಲೆಯೂರಲು ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅವೇ ಎಳೆಗಳು. ಹೀಗಾಗಿ ಈ ಕೊಡುಕೊಳ್ಳುವಿಕೆಗೆ ಪ್ರಯೋಗಾಲಯದ ತಟ್ಟೆಗಿಂತ ಕರುಳೇ ಒಳ್ಳೆಯ ಜಾಗ. ಇದಕ್ಕೆ ತದ್ವಿರುದ್ಧವಾದ ಫೇಜ್‌ಗಳೂ ಇವೆ. ಅವು ಕಾಲರಾ ಬ್ಯಾಕ್ಟೀರಿಯಾವನ್ನು ಒಡೆದು ಕೊಲ್ಲುತ್ತವೆ. ರೋಗಿಗಳ ಮಲದಲ್ಲಿ ಇವು ಹೆಚ್ಚಿದಂತೆ ಪಿಡುಗು ಇಳಿಯುವುದನ್ನು ಢಾಕಾದ ಸಂಶೋಧಕರು ದಾಖಲಿಸಿದ್ದಾರೆ.

ವಿಷ ಪೊರೆಯನ್ನು ಹರಿಯುವುದಿಲ್ಲ, ಕೋಶವನ್ನು ಕೊಲ್ಲುವುದೂ ಇಲ್ಲ. ಒಳಹೊಕ್ಕು ಒಂದು ಸಂಕೇತವನ್ನು ನಿಲ್ಲದಂತೆ ಚಾಲೂ ಇಡುತ್ತದೆ; ಕೋಶ ಕ್ಲೋರೈಡನ್ನು ಹೊರಸುರಿಯುತ್ತದೆ, ಅದರ ಬೆನ್ನಿಗೆ ಸೋಡಿಯಂ ಮತ್ತು ನೀರು. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೆ ಅಕ್ಕಚ್ಚಿನಂಥ ಭೇದಿಯಾಗಬಹುದು. ವಿಷ ತಾಗಿದ ಕೋಶಗಳು ಉದುರಿ ಹೊಸವು ಬರುವವರೆಗೆ ರೋಗಿಯ ದೇಹದಲ್ಲಿ ನೀರು ಉಳಿಸಿಕೊಂಡರೆ ಜೀವ ಉಳಿಯಿತು. ಅದೃಷ್ಟಕ್ಕೆ, ಗ್ಲುಕೋಸ್ ಜೊತೆ ಸೋಡಿಯಂ ಹೀರುವ ದ್ವಾರವನ್ನು ವಿಷ ಮುಟ್ಟುವುದೇ ಇಲ್ಲ. ಓಆರ್‌ಎಸ್ ನಿಂತಿರುವುದು ಇದರ ಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆಯ ಈ ದ್ರಾವಣ ಕುಡಿಸಿ, ಶೇ 30ರಷ್ಟಿದ್ದ ಸಾವನ್ನು ಶೇ 4ಕ್ಕಿಂತ ಕೆಳಗಿಳಿಸಿದರು. ವೈದ್ಯಶಾಸ್ತ್ರದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಜೀವ ಉಳಿಸಿದ ಮತ್ತೊಂದನ್ನು ಹೆಸರಿಸುವುದು ಕಷ್ಟ.

ಕರುಳಿನ ವಾಸಿಗಳೆಲ್ಲ ನಮ್ಮ ಪರ ಎಂದು ತಿಳಿಯುವಂತಿಲ್ಲ. 2011ರ ಪ್ರಯೋಗವೊಂದರಲ್ಲಿ, ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ತಗ್ಗಿಸಿದ ಇಲಿಗಳಿಗೆ ಪೋಲಿಯೊ ವೈರಸ್ ಅಷ್ಟಾಗಿ ತಾಗಲಿಲ್ಲ. ಬ್ಯಾಕ್ಟೀರಿಯಾದ ಮೇಲ್ಮೈಯ ಸಕ್ಕರೆ ಅಂಶಗಳಿಗೆ ಅಂಟಿದ ವೈರಸ್ಸೇ ಹೆಚ್ಚು ಗಟ್ಟಿಯಾಗುತ್ತಿತ್ತು. ಎಳೆಯಾಕಾರದ ಒಂದು ಕರುಳುವಾಸಿ ಬ್ಯಾಕ್ಟೀರಿಯಾ ಮಾತ್ರ ಇಲಿಗಳನ್ನು ರೋಟಾವೈರಸ್‌ನಿಂದ ಕಾಯುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಅದು ಪೊರೆಯ ಕೋಶಗಳು ಬೇಗ ಬೇಗ ಉದುರಿ ಹೊಸದಾಗುವಂತೆ ಮಾಡುತ್ತದೆ. ಇವೆಲ್ಲ ಇಲಿಗಳಲ್ಲಿ ಕಂಡದ್ದು. ಹಾಗೆಯೇ ಮನುಷ್ಯನಿಗೆ ಅನ್ವಯಿಸುವುದು ದುಡುಕಾದೀತು.

ಮಕ್ಕಳ ತೀವ್ರ ಭೇದಿಗೆ ಬಹುದೊಡ್ಡ ಕಾರಣವಾಗಿದ್ದ ರೋಟಾವೈರಸ್ ವಿಲ್ಲಸ್ ತುದಿಯ ಬಲಿತ ಕೋಶಗಳನ್ನೇ ಹಿಡಿಯುತ್ತದೆ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಯಾವ ಲಕ್ಷಣವೂ ಇಲ್ಲದೆ ಇದ್ದ ಇದರ ಒಂದು ತಳಿ ಐ321. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿದರು. ಅದರಲ್ಲಿ ದನದ ರೋಟಾವೈರಸ್‌ನ ಜೀನ್‌ಗಳು ಕಂಡವು. ದೆಹಲಿಯ ಶಿಶುಗಳಲ್ಲಿ ಸಿಕ್ಕ 116ಇ ತಳಿಯಿಂದ ರೋಟಾವ್ಯಾಕ್ ಲಸಿಕೆಯಾಯಿತು. ಇಂಥ ತಳಿಗಳು ಹಸುಗೂಸುಗಳನ್ನೇ ಏಕೆ ಹಿಡಿಯುತ್ತವೆ? ಅವು ಅಂಟುವ ಸಕ್ಕರೆಸರಣಿಗಳು ಎಳೆಯ ಪೊರೆಯಲ್ಲಿ ಹೆಚ್ಚು. ಮಗು ಬೆಳೆದಂತೆ ಅವು ಬದಲಾಗುತ್ತವೆ.

2016ರಲ್ಲಿ ನಾಲ್ಕು ರಾಜ್ಯಗಳಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ಈ ಲಸಿಕೆ, ಪ್ರಯೋಗದಲ್ಲಿ ತೀವ್ರ ರೋಟಾ ಭೇದಿಯನ್ನು ಮಗುವಿನ ಮೊದಲ ವರ್ಷದಲ್ಲಿ ಶೇ 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಬಾಯಿಯ ರೋಟಾ ಲಸಿಕೆಗಳು ಇದಕ್ಕಿಂತ ಬಹಳ ಹೆಚ್ಚು ಫಲ ಕೊಡುತ್ತವೆ. ಕೊಳಕು ನೀರಿನಿಂದ ಪದೇ ಪದೇ ಸೋಂಕಿ ವಿಲ್ಲಸ್ ಮೊಂಡಾಗಿ ಪೊರೆ ಸೋರುವ ಸ್ಥಿತಿ ಇಲ್ಲಿ ಫಲ ತಗ್ಗಲು ಒಂದು ಕಾರಣವಿರಬಹುದು ಎಂಬ ಊಹೆಯಿದೆ. ವೆಲ್ಲೂರಿನಲ್ಲಿ ಮಕ್ಕಳಿಗೆ ಅಜಿತ್ರೋಮೈಸಿನ್ ಕೊಟ್ಟು ಬಳಿಕ ಪೋಲಿಯೊ ಹನಿ ಹಾಕಿ ನೋಡಿದರು. ಕರುಳಿನ ರೋಗಕಾರಕ ಬ್ಯಾಕ್ಟೀರಿಯಾ ತಗ್ಗಿತು. ಲಸಿಕೆಯ ಫಲ ಮಾತ್ರ ಹೆಚ್ಚಲಿಲ್ಲ. ಲಸಿಕೆಯ ಫಲವನ್ನು ಒಂದು ಮಾತ್ರೆಯಿಂದ ಹೆಚ್ಚಿಸಲಾಗದು ಎಂದು ತೋರುವ ಈ ಫಲಿತಾಂಶ, ಗೆದ್ದ ಪ್ರಯೋಗಗಳಷ್ಟೇ ಬೆಲೆಯುಳ್ಳದ್ದು.

ಮಿರಜಕ್ಕೆ ಹತ್ತಿರದ ಇಚಲಕರಂಜಿಯಲ್ಲಿ 2012ರಲ್ಲಿ ಹೆಪಟೈಟಿಸ್ ಇ ವೈರಸ್‌ನ ಕಾಮಾಲೆ ದೊಡ್ಡದಾಗಿ ಹಬ್ಬಿತು. ಈ ವೈರಸ್ ನೀರಿನೊಡನೆ ಕರುಳಿಗೆ ಬಂದು ಯಕೃತ್ತು ಸೇರುತ್ತದೆ. ರಕ್ತದಲ್ಲಿರುವಾಗ ಇದರ ಮೈಮೇಲೆ ಕೊಬ್ಬಿನ ಹೊದಿಕೆಯಿರುತ್ತದೆ. ಪಿತ್ತರಸ ಅದನ್ನು ಕಳಚುತ್ತದೆ, ಮಲದಲ್ಲಿ ಹೊದಿಕೆಯಿಲ್ಲದ ವೈರಸ್ ಹೊರಬೀಳುತ್ತದೆ. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಇದು ಪ್ರಾಣಾಂತಿಕವಾಗಬಲ್ಲದು.

2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಮುಟ್ಟಿದಳು. ಅಪಾಯದ ಮಟ್ಟ 45 ಅಡಿ. ಇಂಥ ನೆರೆಯಲ್ಲಿ ಚರಂಡಿ, ಬಾವಿ, ನಲ್ಲಿಗಳ ನೀರು ಒಂದಾಗುತ್ತದೆ. ಆಗ ಭೇದಿಯೆಂದರೆ ಆಂಟಿಬಯಾಟಿಕ್ ಎನ್ನುವ ರೂಢಿ ಸರಿಯಲ್ಲ. ತೀವ್ರ ಕಾಲರಾದಲ್ಲಿ ಅದಕ್ಕೆ ಕೆಲಸವಿದೆ, ಅದೂ ನೀರು ತುಂಬಿಸಿದ ಮೇಲೆ. ವೈರಸ್ ಭೇದಿಗೆ ಅದರಿಂದ ಉಪಯೋಗವಿಲ್ಲ. ಕರುಳಿನ ವಾಸಿಗಳನ್ನು ಕೊಂದು ಭೇದಿ ಹೆಚ್ಚಿಸುವುದೂ ಉಂಟು. ಮಕ್ಕಳಿಗೆ ಬೇಕಾದದ್ದು ಓಆರ್‌ಎಸ್, ಎದೆಹಾಲು, ಆಹಾರ ಮತ್ತು 14 ದಿನ ಸತು: ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟವರಿಗೆ 20. ಭೇದಿ ನಿಂತರೂ ಸತುವನ್ನು ನಡುವೆ ಬಿಡಬಾರದು. ಪೊರೆ ಮತ್ತೆ ಕಟ್ಟಿಕೊಳ್ಳಲು ಅದು ನೆರವಾಗುತ್ತದೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದನ್ನೂ ತಗ್ಗಿಸುತ್ತದೆ.