ಇಂಗ್ಲಿಷಿನ ಅನಿಯತ ಕ್ರಿಯಾಪದಗಳೂ ನಮ್ಮ ವೀರಗಲ್ಲುಗಳೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಾಲಕರು ಇಂಗ್ಲಿಷ್ ಕಲಿಯುವಾಗ ‘ಕೀಪ್–ಕೆಪ್ಟ್’, ‘ಸಿಂಗ್–ಸ್ಯಾಂಗ್–ಸಂಗ್’ ಎಂಬ ಪಟ್ಟಿಯನ್ನು ಉರುಹಚ್ಚಬೇಕಾಗುತ್ತದೆ. ಇವಕ್ಕೆ ನಿಯಮವಿಲ್ಲವೆಂದು ಉಪಾಧ್ಯಾಯರು ಹೇಳುವರು. ಆದರೆ ಮರೆಯಾದ ನಿಯಮವನ್ನು ಇಲ್ಲದ ನಿಯಮವೆಂದು ಎಣಿಸಬಹುದೆ? ಇದಕ್ಕೆ ಉತ್ತರವು ಅದೇ ಊರುಗಳ ಶಿಲಾಲೇಖಗಳಿಂದ ದೊರೆಯುವುದು.

ಈ ಸೀಮೆಯಲ್ಲಿ ನೊಳಂಬರು ಆಳಿದರು. ಅವರ ರಾಜಧಾನಿ ಹೆಂಜೇರು, ಅಂದರೆ ಹೇಮಾವತಿಯು, ಸಿರಾಕ್ಕೆ ಸಮೀಪದಲ್ಲಿದ್ದರೂ ಈಗ ಆಂಧ್ರಪ್ರದೇಶಕ್ಕೆ ಸೇರಿದೆ. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಮಹಾಶಯರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ ಪ್ರಕಟಿಸಿದರು. ತುಱುಗಾಳೆಗದ ವೀರಗಲ್ಲುಗಳಲ್ಲಿಯೂ ದತ್ತಿಶಾಸನಗಳಲ್ಲಿಯೂ ಮರಳಿ ಮರಳಿ ಬರುವ ಕ್ರಿಯಾಪದಗಳು ಕೆಲವೇ: ಕೊಂದಂ, ಸತ್ತಂ, ಕೊಟ್ಟಂ, ಬಿಟ್ಟಂ. ಭೂತಕಾಲಕ್ಕೆ ‘ದ’ ಎಂಬ ಪ್ರತ್ಯಯವನ್ನು ಕೇಶಿರಾಜನು ವಿಧಿಸಿದ್ದಾನೆ. ಕೊಲ್, ಸಾಯ್, ಕುಡು, ಬಿಡು ಎಂಬ ಧಾತುಗಳ ಮೇಲೆ ಅದನ್ನು ಸುಮ್ಮನೆ ಇರಿಸಿದರೆ ಈ ರೂಪಗಳಲ್ಲಿ ಒಂದಾದರೂ ಸಿದ್ಧಿಸದು. ಆದರೂ ಕನ್ನಡದ ಮಗು ಇವುಗಳಲ್ಲಿ ಎಡವುವುದಿಲ್ಲ.

ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಬಿದ್ದ, ಎದ್ದ, ಇದ್ದ, ಗೆದ್ದ ಎಂಬ ಹೊಸಗನ್ನಡ ರೂಪಗಳು ಬೀಳು, ಏಳು, ಇರು, ಗೆಲ್ಲು ಎಂಬುವುಗಳಿಂದ ಹೇಗೆ ಬಂದುವು? ಹಳಗನ್ನಡದಲ್ಲಿ ಅವು ಬಿೞ್ದಂ, ಎೞ್ದಂ, ಇರ್ದಂ, ಗೆಲ್ದಂ. ಧಾತುವಿನ ವ್ಯಂಜನವೂ ಪ್ರತ್ಯಯವೂ ಅಲ್ಲಿ ಬೇರೆಬೇರೆಯಾಗಿಯೇ ನಿಂತಿವೆ. ಮುಂದೆ ಎಲ್ಲವೂ ‘ದ್ದ’ಕಾರದಲ್ಲಿ ಒಂದಾದುವು. ೞಕಾರದ ಶಬ್ದಗಳನ್ನು ಕೇಶಿರಾಜನೇ ಪಟ್ಟಿ ಮಾಡಿಕೊಡಬೇಕಾಯಿತು. ಬಾಯಿಂದ ಜಾರಿದುದಕ್ಕೇ ಅಲ್ಲವೆ ಪಟ್ಟಿ ಬೇಕಾಗುವುದು!

ಬೀಳು–ಬಿದ್ದ, ಕಾಣು–ಕಂಡ ಎಂಬಲ್ಲಿ ದೀರ್ಘವಿದ್ದೆಡೆ ಹ್ರಸ್ವವು ಕಾಣುವಂತೆ ಇಂಗ್ಲಿಷಿನಲ್ಲಿಯೂ ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್ ಎಂದಾಗುವುದು. ಎರಡು ವ್ಯಂಜನಗಳು ಕೂಡಿದ್ದರಿಂದ ಅಲ್ಲಿ ಸ್ವರವು ಮೊಟಕಾಯಿತು. ಎರಡು ಭಾಷೆಗಳಿಗೂ ನಂಟಿದೆಯೆಂದು ನನ್ನ ವಾದವಲ್ಲ. ಸಿಂಗ್–ಸ್ಯಾಂಗ್ ಬಗೆಯ ಸ್ವರವ್ಯತ್ಯಯವಾದರೋ ಬಹು ಪ್ರಾಚೀನವಾದುದು. ಯಾಕೋಬ್ ಗ್ರಿಮ್ಮನು ಇವನ್ನು ‘ಬಲಿಷ್ಠ’ ಕ್ರಿಯಾಪದಗಳೆಂದು ಕರೆದನು. 1066ರ ತರುವಾಯ ಫ್ರೆಂಚಿನಿಂದ ಬಂದ ಧಾತುಗಳು ಬಹುಮಟ್ಟಿಗೆ ‘ಎಡ್’ ಪ್ರತ್ಯಯವನ್ನೇ ಹಿಡಿದುವು. ಸಂಸ್ಕೃತದಿಂದ ಬಂದವು ನಮ್ಮಲ್ಲಿ ‘ಇಸು’ ಹತ್ತಿ ‘ಆರಂಭಿಸಿದ’, ‘ಪ್ರಕಟಿಸಿದ’ ಎಂದು ಸರಳವಾಗಿ ನಡೆಯುವಂತೆ. ಆದರೆ ಪ್ರವಾಹವು ಒಂದೇ ಮುಖವಾಗಿ ಹರಿಯಲಿಲ್ಲ. 1611ರ ಬೈಬಲಿನಲ್ಲಿ ‘ಡಿಗ್ಡ್’ ಎಂದಿದ್ದುದು ಈಗ ‘ಡಗ್’ ಆಗಿದೆ.

ಪಾವಗಡದ ಉಪಾಧ್ಯಾಯರಿಗೆ ಮತ್ತೊಂದು ಅನುಕೂಲವುಂಟು. ಅಲ್ಲಿ ತೆಲುಗೂ ಮನೆಮಾತು. ‘ರಾ’ ಎಂದು ಕರೆದು ‘ವಚ್ಚಿನಾಡು’ ಎನ್ನುವ ಮಗುವಿಗೆ ‘ಗೋ–ವೆಂಟ್’ ಎಂಬುದು ವಿಚಿತ್ರವೆನಿಸಬೇಕಾಗಿಲ್ಲ. ಭೇದವನ್ನೂ ತಿಳಿಸಬೇಕು: ತೆಲುಗಿನ ಎರಡು ರೂಪಗಳೂ ಒಂದೇ ಮೂಲದಿಂದ ಬಂದು ಧ್ವನಿವ್ಯತ್ಯಾಸದಿಂದ ಅಗಲಿದವು, ‘ವೆಂಟ್’ ಆದರೋ ‘ವೆಂಡ್’ ಎಂಬ ಬೇರೊಂದು ಧಾತುವಿನ ಭೂತರೂಪ, ಸೆಂಡ್–ಸೆಂಟ್ ಇದ್ದಂತೆ.