ಬೆಳ್ಳಿ ಯಾರದು, ಪ್ರಯೋಗ ಯಾರದು?

ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳ್ಳಿ ಅಂಗಡಿಗಳ ವರ್ಷ ಯುಗಾದಿಗೆ ಶುರುವಾಗುವುದಿಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಹೊಗೆಸೊಪ್ಪಿನ ಬೇಲುಗಳು ಬಿಕರಿಯಾಗಿ ರೈತರ ಖಾತೆಗೆ ದುಡ್ಡು ಬಿದ್ದ ಮೇಲೆ ಅದು ಶುರುವಾಗುತ್ತದೆ. ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ತಂದ ಸಾಲ, ಗೊಬ್ಬರದ ಬಾಕಿ ಎಲ್ಲ ಕಳೆದು ಉಳಿದದ್ದು ಮಗಳ ಕಾಲುಗೆಜ್ಜೆಗೆ, ಮೊಮ್ಮಗನ ಉಡುದಾರಕ್ಕೆ, ಹೊಸ ಮನೆಯ ದೀಪದ ಕಂಬಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಗ್ರಾಂ ಬರುತ್ತೆ?’ ಅಂತ. ಆಮೇಲೆ, ‘ನಾಳೆ ಮಾರಿದ್ರೆ ಎಷ್ಟು ಕೊಡ್ತೀರಿ?’ ಕೆಲಸ ಚೆನ್ನಾಗಿದೆಯೇ ಎಂಬುದು ಮೂರನೆಯ ಪ್ರಶ್ನೆ, ಅದೂ ಬಂದರೆ. ಮುಂದಿನ ಸಸಿಮಡಿಯ ಹೊತ್ತಿಗೆ ಗಿರವಿ ಅಂಗಡಿಯ ತಕ್ಕಡಿಗೆ ಏರಬಹುದಾದ ವಸ್ತುವನ್ನು ತೂಕದ ಕಣ್ಣಿನಿಂದ ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಸೀಮೆಯಲ್ಲಿ, ಒಟ್ಟಾರೆ ಕನ್ನಡ ನಾಡಿನಲ್ಲೇ, ಬೆಳ್ಳಿ ಕೆಲಸ ಯಾವ ದಿಕ್ಕಿಗೆ ಬೆಳೆಯಿತು, ಯಾವ ದಿಕ್ಕಿಗೆ ಬೆಳೆಯಲಿಲ್ಲ ಎಂಬುದರ ಮೂಲ ಇಲ್ಲೇ ಇದೆ.

ಹಳೆಯ ಪದ್ಧತಿಯಲ್ಲಿ ಬೆಳ್ಳಿ ಗಿರಾಕಿಯದು. ಅಜ್ಜಿಯ ಸವೆದ ಕಡಗವನ್ನೋ ನಾಣ್ಯಗಳನ್ನೋ ತಂದು ಆಚಾರಿಯ ಮುಂದೆ ಇಟ್ಟು, ತೂಗಿಸಿ, ಮೂಸೆಗೆ ಬೀಳುವವರೆಗೂ ಎದುರಲ್ಲೇ ಕೂರುತ್ತಿದ್ದರು. ಒಡವೆ ಆದ ಮೇಲೆ ಮತ್ತೆ ತೂಕ, ಸವಕಳಿಗೆ ಇಷ್ಟು, ಮಜೂರಿಗೆ ಇಷ್ಟು ಎಂದು ಲೆಕ್ಕ. ಹೀಗೆ ಇನ್ನೊಬ್ಬರ ಲೋಹವನ್ನು ಕೈಯಲ್ಲಿ ಹಿಡಿದವನು ‘ಹೊಸದೇನಾದರೂ ಮಾಡಿ ನೋಡೋಣ’ ಎನ್ನುವ ಹಾಗಿರಲಿಲ್ಲ. ಮಾಡಿ ನೋಡಿದರೂ ಅದು ಉಳಿಯುತ್ತಿರಲಿಲ್ಲ. ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕೆಟ್ಟ ಕೆಲಸ ಕರಗುವ ಹಾಗೆಯೇ ಒಳ್ಳೆಯ ಕೆಲಸವೂ ಕರಗುತ್ತದೆ. ಒಂದು ತಲೆಮಾರಿನ ಡಾಬು ಮುಂದಿನ ತಲೆಮಾರಿನ ತಟ್ಟೆಯಾಗುತ್ತದೆ. ಕಲ್ಲಿನ ಶಿಲ್ಪಕ್ಕೆ, ಕಂಚಿನ ವಿಗ್ರಹಕ್ಕೆ ಇರುವಂಥ ಉದ್ದನೆಯ, ಕಣ್ಣಿಗೆ ಕಾಣುವ ಚರಿತ್ರೆ ಬೆಳ್ಳಿಗೆ ಇಲ್ಲದ್ದಕ್ಕೆ ಕಾರಣ ಇದು. ಪ್ರಯೋಗ ನಡೆಯಲಿಲ್ಲ ಎಂದಲ್ಲ, ಅದು ಮತ್ತೆ ಮೂಸೆಗೆ ಹೋಯಿತು.

ಉಳಿದವುಗಳಲ್ಲಿ ನನ್ನ ಪ್ರಕಾರ ಅತ್ಯಂತ ಜಾಣ ವಸ್ತು, ಇಷ್ಟಲಿಂಗವನ್ನಿಟ್ಟು ಮೈಮೇಲೆ ಧರಿಸುವ ಲಿಂಗದ ಕರಡಿಗೆ. ಲಿಂಗಾಯತರ ಮನೆಗಳಲ್ಲಿ ದಿನವೂ ಕಣ್ಣಿಗೆ ಬೀಳುವುದರಿಂದ ಅದನ್ನು ಕಲಾವಸ್ತು ಎಂದು ಯಾರೂ ಎಣಿಸುವುದಿಲ್ಲ. ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು. ಮೈಗೆ ಒತ್ತುವಂತಿಲ್ಲ, ಬೆವರಿಗೆ ಹಾಳಾಗುವಂತಿಲ್ಲ, ಬಗ್ಗಿದಾಗ ಬಾಯಿ ಬಿಡುವಂತಿಲ್ಲ. ಪೂಜೆಗೆ ಕೂತಾಗ ಮಾತ್ರ ಎರಡು ಬೆರಳಿಗೆ ಸಲೀಸಾಗಿ ಬಿಚ್ಚಿಕೊಳ್ಳಬೇಕು. ಮಾಡುವವನು ತೆಳು ತಗಡನ್ನು ಕುಳಿಯ ಅಚ್ಚಿನ ಮೇಲಿಟ್ಟು ತಟ್ಟುತ್ತಾ ಬಟ್ಟಲು ಮಾಡುತ್ತಾನೆ. ನಾಲ್ಕು ಸುತ್ತು ಪೆಟ್ಟು ಬೀಳುವಷ್ಟರಲ್ಲಿ ಬೆಳ್ಳಿ ಸೆಡೆತುಕೊಳ್ಳುತ್ತದೆ, ಇನ್ನೂ ತಟ್ಟಿದರೆ ಅಂಚು ಸೀಳುತ್ತದೆ. ಆಗ ಮಂದ ಕೆಂಪಿಗೆ ಬರುವಂತೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆದುವಾಗುತ್ತದೆ. ಹೀಗೆ ಕಾಯಿಸಿ ತಟ್ಟಿ, ಕಾಯಿಸಿ ತಟ್ಟಿ ಎರಡು ಹೋಳು. ಒಂದರ ಬಾಯಿ ಇನ್ನೊಂದರೊಳಗೆ ಕೂರುವ ತುಟಿಯನ್ನು ಅರದಿಂದ ಉಜ್ಜುವಾಗ ಕೂದಲೆಳೆಯಷ್ಟು ಹೆಚ್ಚಾದರೆ ಸಡಿಲ, ಕಡಿಮೆಯಾದರೆ ಬಿಗಿ. ಆಮೇಲೆ ಬಿಳಿಗಾರ ಹಚ್ಚಿ ಊದುಕೊಳವೆಯ ಉರಿಯಲ್ಲಿ ಶಿವದಾರದ ಬಳೆಗಳನ್ನು ಬೆಸೆಯಬೇಕು. ಬೆಸುಗೆ ಕರಗುವ ಶಾಖಕ್ಕೂ ತಗಡೇ ಕರಗುವ ಶಾಖಕ್ಕೂ ಅಂತರ ಕಡಿಮೆ. ಕಣ್ಣು ಆ ಕಡೆ ಈ ಕಡೆ ಹೋದರೆ ಕೆಲಸವೆಲ್ಲ ಒಂದು ಗುಂಡಾಗಿ ಕೂರುತ್ತದೆ. ಮೊಟ್ಟೆಯಾಕಾರದ ಗುಂಡುಗಡಿಗೆಯಿಂದ ಹಿಡಿದು ಎರಡೂ ಬದಿಗೆ ಚಾಚು ಇರುವ ಚೌಕದವರೆಗೆ ಇದಕ್ಕೆ ಎಷ್ಟೋ ರೂಪಗಳಿವೆ. ಅಲಂಕಾರಕ್ಕೆಂದು ಬಂದವುಗಳಿಗಿಂತ, ಮೈಮೇಲೆ ಹೇಗೆ ಕೂರಬೇಕು ಎಂಬ ಚಿಂತೆಯಿಂದ ಬಂದವೇ ಇವುಗಳಲ್ಲಿ ಚೆಂದ.

ಇಷ್ಟಲಿಂಗದ ಆಂದೋಲನ ಬೆಳೆದ ಕಲ್ಯಾಣದಲ್ಲೇ, ಬಸವಣ್ಣನವರಿಗೆ ಸ್ವಲ್ಪ ಮೊದಲು, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆಸಿದ. 12ನೇ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ ಮೇಣದ ಅಚ್ಚಿನಿಂದ ವಿಗ್ರಹ ಎರಕ ಹೊಯ್ಯುವ ವಿಧಾನ ಇದೆ. ಮೇಣದ ಗೊಂಬೆ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುವುದು. ಮೇಣದ ತೂಕದ ಹನ್ನೆರಡು ಪಟ್ಟು ಬೆಳ್ಳಿ ತೆಗೆದುಕೊಳ್ಳಬೇಕೆಂದು ಅದರಲ್ಲಿ ಹೇಳಿದೆ. ಬೆಳ್ಳಿ ಮೇಣಕ್ಕಿಂತ ಸುಮಾರು ಹನ್ನೊಂದು ಪಟ್ಟು ಭಾರ. ಹೊಯ್ಯುವ ನಾಳದಲ್ಲಿ ನಿಲ್ಲುವುದಕ್ಕೆ ಸ್ವಲ್ಪ ಹೆಚ್ಚು ಬೇಕೇ ಬೇಕು. ಇದು ಪಂಡಿತರು ಕೂತಲ್ಲೇ ಊಹಿಸಿ ಬರೆದ ಲೆಕ್ಕವಲ್ಲ. ಕುಲುಮೆಯ ಮುಂದೆ ಕೈ ಸುಟ್ಟುಕೊಂಡ ಯಾರದ್ದೋ ಅನುಭವ ರಾಜನ ಹೆಸರಿನಲ್ಲಿ ದಾಖಲಾಗಿದೆ.

ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದು ಮುಂದೆ ಇನ್ನಷ್ಟು ಸ್ಪಷ್ಟವಾಯಿತು. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷರ ಮನೆಗಳಿಗೆ ‘ಸ್ವಾಮಿ ಬೆಳ್ಳಿ’ ಎಂಬ ಹೊಸ ಬಗೆ ಬಂತು. ಆಕಾರ ಇಂಗ್ಲೆಂಡಿನ ಟೀ ಕೆಟಲು, ಸಕ್ಕರೆ ಬಟ್ಟಲು. ಮೈಮೇಲೆ ಉಬ್ಬುಕೆಲಸದಲ್ಲಿ ನಮ್ಮ ಗುಡಿಗಳ ದೇವರು. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಇದರಲ್ಲಿ ಹೆಸರುವಾಸಿ. ಬೆಂಗಳೂರಿನಲ್ಲಿ ಬಾರ್ಟನ್ ಸನ್ ಅಂಡ್ ಕಂಪನಿ ಇತ್ತು. ಗೋಪುರದಲ್ಲಿ ನಿಂತಿದ್ದ ದೇವರನ್ನು ಕೆಟಲಿನ ಹೊಟ್ಟೆಯ ತಿರುವಿಗೆ ಒಗ್ಗಿಸುವುದು ಸಣ್ಣ ಪ್ರಯೋಗವಲ್ಲ. ಒಳಗೆ ಅರಗು ತುಂಬಿ, ಹೊರಗಿನಿಂದ ಚಾಣದಲ್ಲಿ ಒತ್ತಿ ಅದನ್ನು ಸಾಧಿಸಿದವರು ಇಲ್ಲಿನ ಅಕ್ಕಸಾಲಿಗರು, ತಳದಲ್ಲಿ ಬಿದ್ದ ಮುದ್ರೆ ಕಂಪನಿಯದು. ಹರಾಜಿಗೆ ಬಂದಾಗ ಇವತ್ತಿಗೂ ಕಂಪನಿಯ ಹೆಸರೇ ಬೆಲೆ ತರುತ್ತದೆ. ಮೈಸೂರು ಅರಮನೆಯ ಬೆಳ್ಳಿ ಬಾಗಿಲುಗಳ ಮುಂದೆ ನಿಂತವರು ‘ಯಾವ ಮಹಾರಾಜರ ಕಾಲದ್ದು?’ ಎಂದು ಕೇಳುತ್ತಾರೆ. ಯಾರು ಕೆತ್ತಿದರು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಸ್ವಾತಂತ್ರ್ಯದ ನಂತರ ಈ ಕಸುಬಿಗೆ ಬಿದ್ದ ದೊಡ್ಡ ಪೆಟ್ಟು 1963ರ ಜನವರಿಯ ಚಿನ್ನ ನಿಯಂತ್ರಣ. ಹೊಸ ಒಡವೆ 14 ಕ್ಯಾರೆಟ್ ಮೀರಬಾರದೆಂಬ ಕಟ್ಟಳೆಯಿಂದ ದೇಶದ ಉದ್ದಗಲ ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಆಗಿ, ರದ್ದಾಗಲು 1990 ಬರಬೇಕಾಯಿತು. ಬೆಳ್ಳಿಗೆ ಆ ಕಟ್ಟಳೆ ಇರಲಿಲ್ಲ. ಹಾಗೆಂದು ಬೆಳ್ಳಿ ಕೆಲಸ ಅರಳಲಿಲ್ಲ. ಸೇಲಂ, ಕೊಲ್ಹಾಪುರದ ಹತ್ತಿರದ ಹುಪರಿ, ರಾಜ್‌ಕೋಟ್‌ಗಳಿಂದ ಡಜನ್‌ಗಟ್ಟಲೆ ಬರುವ ಗೆಜ್ಜೆ, ಚೈನು, ತಟ್ಟೆಗಳು ತಾಲ್ಲೂಕು ಪೇಟೆಗಳ ಗಾಜಿನ ಪೆಟ್ಟಿಗೆ ತುಂಬಿದವು. ಊರಿನ ಆಚಾರಿಗೆ ಉಳಿದದ್ದು ರಿಪೇರಿ, ಮೂಗುಬೊಟ್ಟಿನ ತಿರುಪು, ಕಾಲುಂಗುರದ ಸಡಿಲ ಬಿಗಿ. ಮಾನಸೋಲ್ಲಾಸದ ಮೇಣದೆರಕ ಈಗ ರಬ್ಬರ್ ಅಚ್ಚಿನ ಕಾರ್ಖಾನೆಗಳಲ್ಲಿ ಮತ್ತೆ ಜೀವಂತವಾಗಿದೆ: ಒಂದೇ ಮೇಣದ ಗಿಡಕ್ಕೆ ಹತ್ತಾರು ಉಂಗುರ ಅಂಟಿಸಿ ಒಂದೇ ಸಲ ಹೊಯ್ಯುತ್ತಾರೆ. ವಿಧಾನ ಅದೇ, ಉದ್ದೇಶ ಮಾತ್ರ ತಿರುಗುಮುರುಗು.

ಹಾಗಾದರೆ ಹೆಸರುಳ್ಳ, ಪ್ರಯೋಗಶೀಲ ಬೆಳ್ಳಿ ಕಲಾವಿದ ಕರ್ನಾಟಕದಲ್ಲಿ ಎಲ್ಲಿ ಹುಟ್ಟಿದ? ಬೆಳ್ಳಿ ಕಡಿಮೆ ಇರುವ ಕಡೆ, ಬೀದರಿನಲ್ಲಿ.

ಬಿದರಿ ಪಾತ್ರೆಯ ಮೈ ಬೆಳ್ಳಿಯಲ್ಲ. ಸತುವು ಹದಿನಾರು ಪಾಲು, ತಾಮ್ರ ಒಂದು ಪಾಲು. ಮರಳಚ್ಚಿನಲ್ಲಿ ಹೊಯ್ದು, ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಕೊರೆದ ಗೆರೆ ಬೆಳ್ಳಗೆ ಕಾಣಲೆಂದು. ಸಣ್ಣ ಉಳಿಯಿಂದ ಬಳ್ಳಿ, ಹೂವು, ಜಾಲರಿ ಕೊರೆದು, ಆ ತೋಡಿನೊಳಗೆ ಬೆಳ್ಳಿಯ ತಂತಿಯನ್ನೋ ಎಲೆಯಂತೆ ಕತ್ತರಿಸಿದ ತಗಡನ್ನೋ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ತಂತಿ ಕೆಲಸಕ್ಕೆ ತಾರ್‌ಕಶಿ, ತಗಡಿನದಕ್ಕೆ ತೆಹ್‌ನಿಶಾನ್, ಉಬ್ಬಿದ್ದಕ್ಕೆ ಜರ್‌ಬುಲಂದ್ ಎನ್ನುತ್ತಾರೆ. ಇಲ್ಲಿ ಬೆಸುಗೆಯ ಮಾತೇ ಇಲ್ಲ. ಸತುವು 420 ಡಿಗ್ರಿಗೇ ಕರಗುವುದರಿಂದ ಬೆಳ್ಳಿ ಬೆಸೆಯುವ ಉರಿ ತಾಗಿಸಿದರೆ ಹೂದಾನಿಯೇ ನೀರಾಗುತ್ತದೆ. ಹಿಡಿತವೆಲ್ಲ ತೋಡಿನ ಅಂಚು ಮತ್ತು ಸುತ್ತಿಗೆಯ ಪೆಟ್ಟಿನದು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕುದಿಸಿ, ಪಾತ್ರೆಯನ್ನು ಅದ್ದಿದರೆ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಬಿಸಿಲು ಮಳೆ ತಾಗದ ಮೂಲೆಯ ಮಣ್ಣೇ ಬೇಕು. ಸರಿಯಾದದ್ದೋ ಅಲ್ಲವೋ ಎಂದು ಕುಶಲಕರ್ಮಿಗಳು ನಾಲಿಗೆಗೆ ತಾಗಿಸಿ ಹೇಳುತ್ತಾರೆ. ತಾಮ್ರದ ಆ ಒಂದು ಪಾಲು ಇಲ್ಲದಿದ್ದರೆ ಕಪ್ಪು ಅಷ್ಟು ಗಾಢವಾಗಿ ಹತ್ತುವುದಿಲ್ಲ.

ಬಹಮನಿ ಸುಲ್ತಾನರು 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಈ ಕಲೆಯ ಹುಟ್ಟನ್ನು ಸಂಪ್ರದಾಯ ಆ ಕಾಲಕ್ಕೇ ಜೋಡಿಸುತ್ತದೆ. ನವಾಬರ ಹುಕ್ಕಾ ಬುರುಡೆ, ಪಾನದಾನಗಳಿಂದ ಬದುಕಿದ ಕೆಲಸ 1851ರ ಲಂಡನ್ ಮಹಾಪ್ರದರ್ಶನಕ್ಕೂ ಹೋಯಿತು. 2006ರಲ್ಲಿ ಭೌಗೋಳಿಕ ಸೂಚಿಯ ಗುರುತು ಸಿಕ್ಕಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಲೆಕ್ಕಾಚಾರ. ಬಿದರಿಯಲ್ಲಿ ಮೈಗೆ ಬಳಸುವ ಲೋಹ ಅಗ್ಗ, ಬೆಳ್ಳಿ ನೂಲಿನಷ್ಟು ತೆಳು. ವಸ್ತುವಿನ ಬೆಲೆ ತೂಕದಲ್ಲಿಲ್ಲ, ಕೈಯಲ್ಲಿದೆ. ಗಿರಾಕಿಯ ಬೆಳ್ಳಿಗೆ ಕಾಯದೆ, ತನ್ನದೇ ಸಾಮಾನಿನ ಮೇಲೆ ತನಗೆ ತೋಚಿದ್ದನ್ನು ಮಾಡಿ ನೋಡಲು ಕಸುಬುದಾರನಿಗೆ ಅವಕಾಶವಿದೆ. ಕೆಟ್ಟರೆ ನಷ್ಟ ನಾಲ್ಕು ದಿನದ ಕೂಲಿ.

ಶಾ ರಶೀದ್ ಅಹ್ಮದ್ ಖಾದ್ರಿಯವರ ಬದುಕು ಇದಕ್ಕೆ ಉದಾಹರಣೆ. 1955ರಲ್ಲಿ ಬೀದರಿನಲ್ಲಿ ಹುಟ್ಟಿ, ತಂದೆ ಶಾ ಮುಸ್ತಫಾ ಖಾದ್ರಿಯವರ ಕೈಕೆಳಗೆ ಕೆಲಸ ಕಲಿತವರು. ಮೇಜಿನ ಮೇಲೆ ಕೂರುವ ವಸ್ತುಗಳ ಕಲೆಯನ್ನು 2011ರ ಗಣರಾಜ್ಯೋತ್ಸವದ ಕರ್ನಾಟಕದ ಸ್ತಬ್ಧಚಿತ್ರದಲ್ಲಿ ರಾಜಪಥದ ಅಳತೆಗೆ ಬೆಳೆಸಿದ್ದರ ಹಿಂದೆ ಅವರಿದ್ದರು. ಅಂಗೈ ಅಗಲದ ಬಳ್ಳಿಯನ್ನು ದೂರದಿಂದ ನೋಡುವವರಿಗಾಗಿ ದೊಡ್ಡದು ಮಾಡುವಾಗ ಯಾವ ಗೆರೆ ಉಳಿಸಬೇಕು, ಯಾವುದು ಬಿಡಬೇಕು ಎಂಬ ಆಯ್ಕೆಯಲ್ಲೇ ಕಲಾವಿದ ಕಾಣುತ್ತಾನೆ. 1988ರಲ್ಲಿ ರಾಷ್ಟ್ರೀಯ ಪ್ರಶಸ್ತಿ, 2023ರಲ್ಲಿ ಪದ್ಮಶ್ರೀ ಬಂತು. ನಡುವಿನ 35 ವರ್ಷಗಳನ್ನು ಪ್ರಶಸ್ತಿ ಪಟ್ಟಿಗಳು ಒಂದು ಅಲ್ಪವಿರಾಮದಲ್ಲಿ ದಾಟಿಬಿಡುತ್ತವೆ. ಪ್ರತಿದಿನ ನೆಲದಲ್ಲಿ ಕೂತು ಉಳಿ ಹಿಡಿದದ್ದು ಆ ಅಲ್ಪವಿರಾಮದೊಳಗೇ. ಇಂದಿನ ಬಿದರಿಯಲ್ಲಿ ಪೆನ್‌ಡ್ರೈವ್ ಹೊದಿಕೆ, ಕೀಲಿಗೊಂಚಲುಗಳೂ ಬರುತ್ತಿವೆ. ಅವುಗಳಲ್ಲಿ ಕೆಲವು ಬರೀ ಹಳೆಯ ಹೂವನ್ನು ಹೊಸ ವಸ್ತುವಿಗೆ ಅಂಟಿಸಿದಂತಿವೆ ಎಂದು ಹೇಳಲೇಬೇಕು. ವಸ್ತು ಬದಲಾದ ಮಾತ್ರಕ್ಕೆ ಪ್ರಯೋಗವಾಗುವುದಿಲ್ಲ. ಕಪ್ಪು ಜಾಗವನ್ನು ಖಾಲಿ ಬಿಟ್ಟು ಒಂದೆರಡು ಎಳೆ ಬೆಳ್ಳಿಯಲ್ಲೇ ಮಾತು ಮುಗಿಸಿದ ಹೂದಾನಿ ನನಗೆ ಹೆಚ್ಚು ಹೊಸದಾಗಿ ಕಾಣುತ್ತದೆ.

ತೆಳು ಬೆಳ್ಳಿಯ ಈ ತರ್ಕ ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಗೂ ಹೊರತಲ್ಲ. ಕೆ.ಆರ್. ನಗರದ ಹಳ್ಳಿಗಳಿಂದ ಎಚ್.ಡಿ. ಕೋಟೆಯ ಕಾಡಂಚಿನವರೆಗೆ ಗ್ರಾಮದೇವತೆಗಳಿಗೆ ಹಾಕುವ ಕವಚ, ಮುಖವಾಡಗಳಲ್ಲೂ ತಗಡು ತೆಳು, ಕೈಕೆಲಸ ದಪ್ಪ. ಪಕ್ಕದ ಕೊಡಗಿನ ಪೀಚೆಕತ್ತಿಯ ಒರೆಯ ಬೆಳ್ಳಿಯೂ ಮರದ ಮೇಲಿನ ಹೊದಿಕೆಯೇ. ಇವುಗಳ ನಡುವೆ ಪಿರಿಯಾಪಟ್ಟಣ ತಾಲ್ಲೂಕಿಗೆ 1960ರ ಸುಮಾರಿಗೆ ಇನ್ನೊಂದು ಬೆಳ್ಳಿ ಪರಂಪರೆ ಬಂದು ಸೇರಿತು. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ನೆಲೆ ಆರಂಭವಾಯಿತು; 1963ರಲ್ಲಿ ನಾಮ್‌ಡ್ರೋಲಿಂಗ್ ಮಠ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದ ನೆಲೆ. ಸಾಲಾಗಿ ಇಡುವ ಏಳು ನೀರಿನ ಬಟ್ಟಲು, ಬೆಣ್ಣೆದೀಪ, ಹವಳ ಮತ್ತು ನೀಲಿ ಕಲ್ಲು ಕೂರಿಸಿದ ಒಡವೆ ಅವರೊಂದಿಗೆ ಬಂದವು. ಬಹಳಷ್ಟು ವಸ್ತುಗಳ ಮೈ ತಾಮ್ರದ್ದು, ಮುಖ ಮಾತ್ರ ಬೆಳ್ಳಿಯದು.

ಅವುಗಳಲ್ಲಿ ‘ಗಾವು’ ಎಂಬ ಪುಟ್ಟ ಪೆಟ್ಟಿಗೆಯಿದೆ. ಒಳಗೆ ದೇವತೆಯ ಚಿತ್ರವನ್ನೋ ಮಂತ್ರ ಬರೆದ ಕಾಗದವನ್ನೋ ಇಟ್ಟು ಕೊರಳಿಗೆ ಹಾಕಿಕೊಳ್ಳುತ್ತಾರೆ. ಪ್ರಯಾಣದಲ್ಲಿ ಅದೇ ಅವರ ದೇವರಮನೆ. ಬೆಟ್ಟದಪುರದ ಲಿಂಗಾಯತರ ಕರಡಿಗೆ, ಬೈಲಕುಪ್ಪೆಯ ಗಾವು ಎರಡೂ ಒಂದೇ ತಾಲ್ಲೂಕಿನಲ್ಲಿ ಎದೆಯ ಮೇಲೆ ದೇವರನ್ನು ಹೊರುವ ಬೆಳ್ಳಿಯ ಮನೆಗಳು. ಕರಡಿಗೆ ಮೈಯ ಕಡೆಗೆ ದುಂಡಗಾಗಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ, ಅಂಗಿಯೊಳಗೆ ಅಡಗುತ್ತದೆ. ಗಾವು ಚಪ್ಪಟೆ, ನೋಡುವವರ ಕಡೆಗೆ ಮುಖ, ಎಷ್ಟೋ ಸಲ ಅದಕ್ಕೊಂದು ಕಿಟಕಿಯೂ ಉಂಟು. ಮುಚ್ಚುವುದು, ತೋರಿಸುವುದು ಎಂಬ ಎರಡು ದಾರಿಗಳನ್ನು ಎದುರುಬದುರು ಇಟ್ಟುಕೊಂಡ ಯುವ ವಿನ್ಯಾಸಕಾರರಿಗೆ ಕಲಿಯಲು ಬೇರೆ ವಸ್ತುಸಂಗ್ರಹಾಲಯ ಬೇಕಿಲ್ಲ. ಕುಶಾಲನಗರದ ಬಸ್ಸು ಹತ್ತಿದರೆ ಸಾಕು.

2025ರಲ್ಲಿ ಬೆಳ್ಳಿ ಕೆಜಿಗೆ ಒಂದು ಲಕ್ಷ ರೂಪಾಯಿ ದಾಟಿ, ವರ್ಷ ಮುಗಿಯುವಷ್ಟರಲ್ಲಿ ಎರಡು ಲಕ್ಷವನ್ನೂ ದಾಟಿತು. ದಪ್ಪ ಗೆಜ್ಜೆಯ ಕಾಲ ಇದರಿಂದ ಕುಗ್ಗಿದರೆ ತೆಳು ಬೆಳ್ಳಿಯ ಕುಶಲತೆಗೆ ಬೆಲೆ ಬರಬಹುದು. ಅಥವಾ ಬೆಳ್ಳಿ ಬಣ್ಣ ಬಳಿದ ಬೇರೆ ಲೋಹ ಅದರ ಜಾಗ ಹಿಡಿಯಬಹುದು. ಎರಡನೆಯದು ಜಾತ್ರೆಯ ಅಂಗಡಿಗಳಲ್ಲಿ ಆಗಲೇ ಶುರುವಾಗಿದೆ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆಗಳಿಗೂ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಬಂದಿದೆ, ಸದ್ಯಕ್ಕೆ ಕಡ್ಡಾಯವಲ್ಲ. ಮೊಬೈಲಿನಲ್ಲಿ ಆ ಸಂಖ್ಯೆ ಒತ್ತಿದರೆ ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು, ಮುದ್ರೆ ಹಾಕಿಸಿದ ವ್ಯಾಪಾರಿ ಯಾರು ಎಂಬುದು ತಿಳಿಯುತ್ತದೆ. ತಟ್ಟಿದವರ ಹೆಸರಿಗೆ ಅದರಲ್ಲಿ ಜಾಗವಿಲ್ಲ.